ಜೀವಿತಾವಧಿ ತೆರಿಗೆ ಯಾರ ಜೀವಿತಾವಧಿಗೆ?

ಮಾನ್ಯರೇ,

ಮಂಗಳವಾರದ ವಾಣಿಜ್ಯ ಪುಟದಲ್ಲಿ ಜಪಾನಿ ಕಾರು ಕಂಪನಿಗಳ ಏಳುಬೀಳಿನ ವರದಿ ಓದಿದೆ. ನಿಸ್ಸಾನ್ 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುತ್ತದಂತೆ, 20,000 ಜನರ ಕೆಲಸ ಹೋಗುತ್ತದಂತೆ. ಮುಚ್ಚಲಿರುವ ಒಪ್ಪಾಮಾ ಕಾರ್ಖಾನೆಯ ಫೋಟೊ ಕೂಡ ಹಾಕಿದ್ದೀರಿ. ಪಾಪ ಅನ್ನಿಸಿತು. ಆದರೆ ಒಪ್ಪಾಮಾ ಕಂಡ ನಿಮಗೆ ನಮ್ಮ ದಾವಣಗೆರೆಯ ಪಿ.ಬಿ. ರಸ್ತೆ ಕಾಣಲಿಲ್ಲವೇ?

ನನ್ನದೂ ಜಪಾನಿ ಕಾರೇ. ಹೆಸರು ಬರೆಯುವುದಿಲ್ಲ, ಮಾರುವಾಗ ಇರುವ ಬೆಲೆಯೂ ಹೋದೀತು. ನಿನ್ನೆ ಡ್ರೈವರ್ ಪಕ್ಕದ ಗಾಜು ಬಾಗಿಲೊಳಗೆ ಜಾರಿ ಬಿತ್ತು. ಮಳೆ ಬೇರೆ. ನೆನೆದುಕೊಂಡೇ ಪಿ.ಬಿ. ರಸ್ತೆಯ ಸರ್ವಿಸ್ ಸೆಂಟರ್‌ಗೆ ಹೋದರೆ ಗೇಟಿಗೆ ಬೀಗ. ಎದುರಿನ ಎಳನೀರಿನವನು 'ಅದು ಮುಚ್ಚಿ ಆರು ತಿಂಗಳಾಯ್ತು ಸಾರ್' ಅಂದ. ಫೋನ್ ಮಾಡಿದರೆ ಗಾಡಿ ಬೆಂಗಳೂರಿಗೆ ತನ್ನಿ ಅಂದರು. ಗಾಜಿಲ್ಲದ ಕಾರಿನಲ್ಲಿ, ಈ ಮಳೆಯಲ್ಲಿ, 250 ಕಿಲೋಮೀಟರ್! ಪಾರ್ಟ್ ಇದೆಯಾ ಅಂದರೆ 'ಬಂದ ಮೇಲೆ ನೋಡೋಣ' ಎಂಬ ಉತ್ತರ. ಸದ್ಯ ಗೊಬ್ಬರದ ಚೀಲ ಕತ್ತರಿಸಿ ಅಂಟಿಸಿಕೊಂಡಿದ್ದೇನೆ. ಆ ಕಾರಿನಲ್ಲಿ ಮದುವೆಗೆ ಬರಲ್ಲ ಅಂತ ಮನೆಯವರು ಬಸ್ಸಿಗೆ ಹೋದರು.

'ಜಪಾನಿ ಅಂದ್ರೆ ಕಣ್ಣು ಮುಚ್ಚಿ ತಗೊಳ್ಳಿ ಭಾವ' ಅಂದವನು ನನ್ನ ಭಾಮೈದ. ಅವನು ಮಾತ್ರ ಕೊರಿಯಾದ್ದು ತಗೊಂಡ. ಅವನನ್ನು ಬೈದು ಏನು ಪ್ರಯೋಜನ? 1983ರಲ್ಲಿ ಮಾರುತಿ 800 ಬಂದಾಗಿನಿಂದ ನಮಗೆಲ್ಲ ಅದೇ ನಂಬಿಕೆ. ಬಿಡದಿಯಲ್ಲಿ ಟೊಯೊಟಾದವರು ಕ್ವಾಲಿಸ್ ನಿಲ್ಲಿಸಿದಾಗಲೂ ಇನ್ನೋವಾ ಬಂತು, ನಂಬಿಕೆ ಹೋಗಲಿಲ್ಲ. ಈಗ ನೋಡಿ, ಸುಜುಕಿಯ ಬಲೆನೊ ಟೊಯೊಟಾ ಅಂಗಡಿಯಲ್ಲಿ ಗ್ಲಾಂಝಾ ಆಗುತ್ತದೆ, ಸುಜುಕಿಯ ಗ್ರ್ಯಾಂಡ್ ವಿಟಾರಾವನ್ನು ಬಿಡದಿಯಲ್ಲಿ ಟೊಯೊಟಾದವರು ಮಾಡಿಕೊಡುತ್ತಾರೆ. ಅವರಿಬ್ಬರೂ ಹಂಚಿಕೊಂಡು ಉಣ್ಣುತ್ತಿದ್ದಾರೆ. ಉಳಿದವರು? 2014ರಲ್ಲಿ ಬಂದ ನಿಸ್ಸಾನ್‌ನವರ ಡಟ್ಸನ್ 2022ರಲ್ಲಿ ಗಂಟುಮೂಟೆ ಕಟ್ಟಿತು. ಹೋಂಡಾ 2020ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು, ಜೊತೆಗೆ ಸಿವಿಕ್ ಕೂಡ ಹೋಯಿತು. ಮಿತ್ಸುಬಿಶಿ ಪಜೆರೊ ಈಗ ಯಾರದೋ ತೋಟದ ಶೆಡ್ಡಿನಲ್ಲಿ ಕಂಡರೆ ಉಂಟು. ಹೋಂಡಾ, ನಿಸ್ಸಾನ್ ಕೂಡಿಕೊಳ್ಳುವ ಮಾತುಕತೆ 2025ರ ಫೆಬ್ರವರಿಯಲ್ಲಿ ಮುರಿದುಬಿತ್ತು. 2010ರಲ್ಲೇ ಲೀಫ್ ಎಂಬ ಎಲೆಕ್ಟ್ರಿಕ್ ಕಾರು ತಂದ ನಿಸ್ಸಾನ್, ಚೀನಾದ ಎಲೆಕ್ಟ್ರಿಕ್ ಕಾರುಗಳ ಮುಂದೆ ಏದುಸಿರು ಬಿಡುತ್ತಿದೆ. 2023ರಲ್ಲಿ ಕಾರು ರಫ್ತಿನಲ್ಲೂ ಚೀನಾ ಜಪಾನನ್ನು ಹಿಂದೆ ಹಾಕಿತು. ಇರಲಿ, ಅವರವರ ವ್ಯಾಪಾರ. ನನ್ನ ಗಾಜು?

ಕಾರು ತಗೊಂಡಾಗ ಜೀವಿತಾವಧಿ ತೆರಿಗೆ ಅಂತ ಒಂದೇ ಸಲಕ್ಕೆ ಕಟ್ಟಿಸಿಕೊಂಡರು. ಯಾರ ಜೀವಿತಾವಧಿ ಸ್ವಾಮಿ? ಕಾರಿನದೋ, ಕಂಪನಿಯದೋ, ನನ್ನದೋ? ಆಮೇಲೆ ಎಚ್‌ಎಸ್‌ಆರ್‌ಪಿ ಎಂಬ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬಂತು. ಗಡುವು ಹಾಕಿದರು, ಮುಂದೂಡಿದರು, ಮತ್ತೆ ಹಾಕಿದರು. ಹೆದರಿ ಮೊದಲ ಗಡುವಿಗೇ ಹಾಕಿಸಿದ ನಾನು ದಡ್ಡ. ಈಗ ಬಿಡಿಭಾಗ ಸಿಗದ ಕಾರಿಗೆ ಹೊಳೆಯುವ ನಂಬರ್ ಪ್ಲೇಟ್ ಇದೆ. ಅಂಡರ್‌ಪಾಸ್‌ನಲ್ಲಿ ಮೊಣಕಾಲುದ್ದ ನೀರು ನಿಂತಾಗ ಆ ಪ್ಲೇಟೂ ಕಾಣುವುದಿಲ್ಲ. ಆ ನೀರಿನ ಬಗ್ಗೆ ನಾಲ್ಕು ಸಲ ಅರ್ಜಿ ಕೊಟ್ಟಿದ್ದೇನೆ. 'ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ.' ಯಾವ ಮೀಟಿಂಗೋ, ವರ್ಷಗಟ್ಟಲೆ ನಡೆಯುತ್ತಿದೆ.

ಕಂಪನಿ ಅಂಗಡಿ ಮುಚ್ಚಿದರೂ ಬಿಡಿಭಾಗ ಸಿಗುವಂತೆ ಸರ್ಕಾರ ಏನಾದರೂ ಮಾಡಬೇಕು. ಇಲ್ಲವೇ ತೆರಿಗೆ ವಾಪಸ್ ಕೊಡಲಿ. ಎರಡೂ ಆಗದಿದ್ದರೆ ಅಂಡರ್‌ಪಾಸ್ ನೀರನ್ನಾದರೂ ತೆಗೆಸಲಿ, ಗೊಬ್ಬರದ ಚೀಲ ಎಷ್ಟು ದಿನ ತಡೆಯುತ್ತದೆ?

– ಒಬ್ಬ ಕಾರು ಮಾಲೀಕ, ದಾವಣಗೆರೆ