ಅದೇ ವಿಮಾನ ಸರಿ, ‘ಇದ್ದ ಹಾಗೇ’ ಅನ್ನಬೇಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಮಕ್ಕಳ ಪುಟದಲ್ಲಿ ರೈಟ್ ಸಹೋದರರ ವಿಮಾನದ ಚಿತ್ರ ಹಾಕಿ, 1903ರಲ್ಲಿ ಹಾರಿದ ಆ ವಿಮಾನ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿ ಈಗಲೂ ಇದ್ದ ಹಾಗೇ ಇದೆ ಅಂತ ಬರೆದಿದ್ದೀರಿ. ಆ ‘ಇದ್ದ ಹಾಗೇ’ ಅನ್ನುವ ಮಾತಿಗೆ ನನ್ನ ತಕರಾರು. ನಾನು 1983ರಿಂದ ಸೈಕಲ್ ಶಾಪ್ ಇಟ್ಟುಕೊಂಡಿರುವವನು. ರೈಟ್ ಸಹೋದರರೂ ನಮ್ಮ ಕಸುಬಿನವರೇ, ಅಮೆರಿಕದ ಡೇಟನ್ ಊರಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದರು, ಆ ವಿಮಾನದ ಪ್ರೊಪೆಲ್ಲರ್ ತಿರುಗಿಸುವುದೂ ಚೈನೇ. ಅದಕ್ಕೇ ಸ್ವಲ್ಪ ಸಲಿಗೆ.

ಡಿಸೆಂಬರ್ 17ರಂದು ಅದು ನಾಲ್ಕು ಸಲ ಹಾರಿತು. ಮೊದಲ ಸಲ 12 ಸೆಕೆಂಡು, 120 ಅಡಿ. ಕೊನೆಯದು 59 ಸೆಕೆಂಡು, 852 ಅಡಿ. ಆಮೇಲೆ ಮರಳಿನ ಮೇಲೆ ಸುಮ್ನೆ ನಿಂತಿದ್ದಾಗ ಜೋರು ಗಾಳಿ ಬಂದು ಅದನ್ನು ಉರುಳಿಸಿಬಿಟ್ಟಿತು. ರೆಕ್ಕೆಯ ಕಡ್ಡಿಗಳು ಮುರಿದವು, ಎಂಜಿನ್ ಒಡೆಯಿತು. ಅದು ಮತ್ತೆ ಹಾರಲೇ ಇಲ್ಲ. ಅಂದರೆ ‘ಇದ್ದ ಹಾಗೇ’ ಅನ್ನುವುದು ಅವತ್ತೇ ಮುಗಿದಿತ್ತು.

ಮುರುಕು ಸಾಮಾನನ್ನೆಲ್ಲ ಪೆಟ್ಟಿಗೆಗೆ ತುಂಬಿ ಊರಿಗೆ ತಂದರು. 1906ರಲ್ಲಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್, ಫ್ಲೈವ್ಹೀಲ್ ಎರಡನ್ನೂ ನ್ಯೂಯಾರ್ಕಿನ ಒಂದು ಪ್ರದರ್ಶನಕ್ಕೆ ಕೊಟ್ಟರು, ವಾಪಸ್ ಬರಲೇ ಇಲ್ಲ. (ಕೊಟ್ಟ ಸ್ಪ್ಯಾನರ್ ವಾಪಸ್ ಬರದ ಸಂಕಟ ನನಗೆ ಚೆನ್ನಾಗಿ ಗೊತ್ತು.) 1913ರಲ್ಲಿ ಡೇಟನ್‌ಗೆ ಪ್ರವಾಹ ಬಂದಾಗ ಪೆಟ್ಟಿಗೆಗಳು ದಿನಗಟ್ಟಲೆ ಕೆಸರು ನೀರಲ್ಲಿ ಮುಳುಗಿದ್ದವು. ಅಷ್ಟು ಹೊತ್ತಿಗೆ ಅಣ್ಣ ವಿಲ್ಬರ್ ತೀರಿಕೊಂಡು ಸುಮಾರು ಹತ್ತು ತಿಂಗಳಾಗಿತ್ತು. ತಮ್ಮ ಆರ್ವಿಲ್ 1916ರಲ್ಲಿ ಪೆಟ್ಟಿಗೆ ಬಿಚ್ಚಿ, ಹಾಳಾದ ಕಡೆ ಬೇರೆ ಭಾಗ ಹಾಕಿ ಜೋಡಿಸಿದರು. 1928ರಲ್ಲಿ ಲಂಡನ್‌ಗೆ ಕಳಿಸುವ ಮೊದಲು ಬಟ್ಟೆ ಪೂರ್ತಿ ಹೊಸದು ಹೊದಿಸಿದರು. 1985ರಲ್ಲಿ ವಾಷಿಂಗ್ಟನ್ ಮ್ಯೂಸಿಯಂನವರು ಅದನ್ನೂ ತೆಗೆದು ಮತ್ತೆ ಹೊಸದು ಹೊದಿಸಿದರು. ಲೆಕ್ಕ ಹಾಕಿದರೆ ಆ ವಿಮಾನದ ಬಟ್ಟೆ ನನ್ನ ಅಂಗಡಿಗಿಂತ ಎರಡು ವರ್ಷ ಚಿಕ್ಕದು!

ಹಾಗಾದರೆ ಹಳೇ ಬಟ್ಟೆ? ಅದರ ಒಂದು ತುಂಡನ್ನು 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನಿಗೆ ಒಯ್ದು ತಂದರು. ಇನ್ನೊಂದು ಚೂರು ನಾಸಾದ ಇನ್‌ಜೆನ್ಯುಯಿಟಿ ಹೆಲಿಕಾಪ್ಟರಿಗೆ ಅಂಟಿಕೊಂಡು ಮಂಗಳ ಗ್ರಹದಲ್ಲೇ ಇದೆ.

ಹಾಗಂತ ಅದು ನಕಲಿ ಅಂತ ನಾನು ಹೇಳುತ್ತಿಲ್ಲ. ಮರದ ಚೌಕಟ್ಟು ಬಹುಪಾಲು ಅಂದಿನದೇ. ನನ್ನ ಗಿರಾಕಿಯೊಬ್ಬರು ‘ಇದು ಅಪ್ಪನ ಸೈಕಲ್, ಏನೂ ಬದಲಾಗಿಲ್ಲ’ ಅಂತ ಎಲ್ಲರಿಗೂ ತೋರಿಸುತ್ತಾರೆ. ರಿಮ್, ಟೈರು, ಚೈನು, ಪೆಡಲು, ಸೀಟು ಎಲ್ಲ ಹಾಕಿದ್ದು ನಾನೇ, ಫ್ರೇಮ್ ಒಂದು ಹಳೇದು. ಅವರ ಅಪ್ಪನ ಸೈಕಲ್ಲೇ, ಯಾರು ಇಲ್ಲ ಅಂದರು? ಆದರೆ ಏನೂ ಬದಲಾಗಿಲ್ಲ ಅಂದಾಗ ನಗು ಬರುತ್ತೆ, ಅಲ್ವಾ?

ಇಷ್ಟಕ್ಕೆಲ್ಲ ಪತ್ರ ಯಾಕೆ ಅನ್ನಬಹುದು. ಇದೇ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಹಿಂದೊಮ್ಮೆ ಬೋರ್ಡೇ ತಪ್ಪು ಹೇಳಿತ್ತು. ಅಲ್ಲಿನ ಮುಖ್ಯಸ್ಥರಾಗಿದ್ದ ಲ್ಯಾಂಗ್ಲಿಯವರ ವಿಮಾನ 1903ರಲ್ಲಿ ಎರಡು ಸಲ ನೀರಿಗೆ ಬಿದ್ದಿತ್ತು. 1914ರಲ್ಲಿ ಕರ್ಟಿಸ್ ಅನ್ನುವ ವಿಮಾನ ತಯಾರಕರು ಅದನ್ನು ಸಾಕಷ್ಟು ಮಾರ್ಪಡಿಸಿ ಸ್ವಲ್ಪ ಹಾರಿಸಿದರು. ಆಮೇಲೆ ಸಂಸ್ಥೆ ಅದನ್ನು ಮೊದಲಿನ ರೂಪಕ್ಕೇ ತಂದು, ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಅಂತ ಬೋರ್ಡ್ ಹಾಕಿ ಇಟ್ಟಿತು. ಏನೇನು ಬದಲಾಯಿಸಿದ್ದರು ಅನ್ನುವುದು ಬೋರ್ಡಲ್ಲಿ ಇರಲಿಲ್ಲ. ಆರ್ವಿಲ್ ಸಿಟ್ಟಾಗಿ ತಮ್ಮ ವಿಮಾನವನ್ನು ಲಂಡನ್‌ಗೆ ಕಳಿಸಿದ್ದು ಅದಕ್ಕೇ. ಸಂಸ್ಥೆ ತಪ್ಪು ಒಪ್ಪಿಕೊಂಡಿದ್ದು 1942ರಲ್ಲಿ, ವಿಮಾನ ವಾಷಿಂಗ್ಟನ್‌ಗೆ ಬಂದಿದ್ದು 1948ರಲ್ಲಿ, ಆರ್ವಿಲ್ ತೀರಿಕೊಂಡ ಮೇಲೆ. ಇಷ್ಟೆಲ್ಲ ರಾದ್ಧಾಂತ ಆಗಿದ್ದು ಬೋರ್ಡಿನ ಮೇಲಿನ ಒಂದು ಸಾಲಿಗೆ.

ಮುಂದಿನ ಡಿಸೆಂಬರಿನಲ್ಲಿ ಅದೇ ಚಿತ್ರ ಹಾಕುತ್ತೀರಲ್ಲ, ಕೆಳಗೆ ಇಷ್ಟು ಬರೆಯಿರಿ ಸಾಕು: ಮರ ಜಾಸ್ತಿ ಅಂದಿನದು, ಕ್ರ್ಯಾಂಕ್ ಆಮೇಲೆ ಹಾಕಿದ್ದು, ಬಟ್ಟೆ 1985ರದು.

ಒಬ್ಬ ಓದುಗ, ದಾವಣಗೆರೆ