ಎಂಜಿನ್ ಕೊಳ್ಳುವ ಮೊದಲು ಜಾಗ ಅಳೆಯಿರಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮಾದರಿ ರೈಲು ಹೂಡಲು ಯಾವ ಸ್ಕೇಲ್ ಒಳ್ಳೆಯದೆಂದು ಹೊಸ ಸದಸ್ಯರು ಕೇಳುತ್ತಿದ್ದಾರೆ. ದಯವಿಟ್ಟು ಮೊದಲು ಜಾಗ ಅಳೆಯಿರಿ, ಅದರಲ್ಲೂ ಅಗಲ. ಉದ್ದ ಎಷ್ಟೇ ಇರಲಿ, ರೈಲು ಸುತ್ತಿ ಬರುವಷ್ಟು ಅಗಲವಿಲ್ಲದಿದ್ದರೆ ಯೋಜನೆ ಅಲ್ಲಿಗೇ ನಿಲ್ಲುತ್ತದೆ.

ಎಚ್‌ಒ ಸ್ಕೇಲ್ ಎಂದರೆ 1:87, ಅಂದರೆ ನಿಜ ರೈಲಿನ 87ರಲ್ಲಿ ಒಂದು ಪಾಲು ಗಾತ್ರ. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದರಲ್ಲಿ 18 ಇಂಚು ತ್ರಿಜ್ಯದ ತಿರುವಿಗೇ ಅಂಚೂ ಸೇರಿ ಸುಮಾರು 4 ಅಡಿ ಅಗಲದ ಹಲಗೆ ಬೇಕು. ಉದ್ದನೆಯ ಬೋಗಿಗಳಿಗೆ ಆ ತಿರುವೂ ಬಿಗಿಯೇ. ಎನ್ ಸ್ಕೇಲ್ 1:160, ಅಂತರ 9 ಮಿ.ಮೀ.; 2 ಅಡಿ ಅಗಲದಲ್ಲೇ ಸುತ್ತು ಮುಗಿಯುತ್ತದೆ. 20 ಮೀಟರ್ ಉದ್ದದ ಬೋಗಿ ಎಚ್‌ಒದಲ್ಲಿ 23 ಸೆಂ.ಮೀ. ಆದರೆ ಎನ್‌ನಲ್ಲಿ ಹನ್ನೆರಡೂವರೆ.

ಹಾಗೆಂದು ಚಿಕ್ಕದೇ ಮೇಲು ಎನ್ನಲಾರೆ. ಎನ್ ಎಂಜಿನ್ ಹಗುರ; ಹಳಿಯ ಮೇಲೆ ತುಸು ಧೂಳು ಕೂತರೂ ವಿದ್ಯುತ್ ಸಂಪರ್ಕ ತಪ್ಪಿ ತಡವರಿಸುತ್ತದೆ. ಗಾಲಿಗಳನ್ನು ಹಳಿಗೆ ಕೂರಿಸಲು ಕಣ್ಣೂ ಬೆರಳೂ ಚುರುಕಾಗಿರಬೇಕು. ಮಕ್ಕಳೂ ಕೈಹಾಕುವ ಮನೆಯಾದರೆ ನನ್ನ ಮತ ಎಚ್‌ಒಗೇ. ಉದ್ದನೆಯ ರೈಲು ಬಯಲಿನಲ್ಲಿ ಸಾಗುವುದನ್ನು ನೋಡುವ ಆಸೆಯಿದ್ದರೆ ಎನ್. 1:220ರ ಝಡ್ ಸ್ಕೇಲ್ ಬಲು ಸೊಗಸು, ಆದರೆ ಆರಂಭಕ್ಕೆ ಬೇಡ.

ಇನ್ನೊಂದು ಮಾತು: 1:76ರ ಒಒ ಸ್ಕೇಲ್‌ನ ರೈಲು ಕೂಡ ಎಚ್‌ಒ ಹಳಿಯ ಮೇಲೆಯೇ ಓಡುತ್ತದೆ. ಓಡಿತೆಂದು ಬೆರೆಸಬೇಡಿ, ಪಕ್ಕಪಕ್ಕ ನಿಲ್ಲಿಸಿದಾಗ ಗಾತ್ರದ ವ್ಯತ್ಯಾಸ ಎದ್ದು ಕಾಣುತ್ತದೆ.

ನಿಮ್ಮ ಕೋಣೆಯ ನಕ್ಷೆಯನ್ನು ಇಲ್ಲಿ ಹಾಕಿ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನೂ ಗುರುತಿಸಿ. ತಿರುವುಗಳನ್ನು ಒಟ್ಟಿಗೆ ಕೂತು ಲೆಕ್ಕ ಹಾಕೋಣ.