ಸುಣ್ಣದ ಗೆರೆ ಹಾಕುತ್ತಿದ್ದ ಅಣ್ಣನಿಗೆ

ಅಣ್ಣ, ನಿಮ್ಮ ಹೆಸರು ಕೇಳಲೇ ಇಲ್ಲ. ಕಳೆದ ಶನಿವಾರ ಶಾಲೆಯ ಕ್ರೀಡಾಕೂಟದಲ್ಲಿ ಟ್ರ್ಯಾಕಿಗೆ ಸುಣ್ಣದ ಗೆರೆ ಹಾಕುತ್ತಿದ್ದಿರಿ. ನಾನು ಮೂರನೇ ತರಗತಿ ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ಕಾಲೇಜು ಹುಡುಗಿ. ಮಕ್ಕಳ ಜೊತೆ ಅದು ನನ್ನ ಮೊದಲ ದಿನ.

ರಿಲೇ ಓಟಕ್ಕೆ ಸಾಲು ನಿಲ್ಲಿಸುವಾಗ ಒಬ್ಬ ಹುಡುಗನ ಮೂಗಿನಿಂದ ರಕ್ತ ಸುರಿಯತೊಡಗಿತು. ಬಿಳಿ ಅಂಗಿಯ ಮೇಲೆಲ್ಲ ಕೆಂಪು. ಗಾಬರಿಯಲ್ಲಿ ಅವನ ತಲೆಯನ್ನು ಹಿಂದಕ್ಕೆ ಬಾಗಿಸಿದೆ. ನೀವು ಓಡಿ ಬಂದಿರಿ. "ಹಿಂದಕ್ಕೆ ಬೇಡಮ್ಮ, ರಕ್ತ ಗಂಟಲಿಗೆ ಹೋಗುತ್ತೆ. ಮುಂದಕ್ಕೆ ಬಾಗಿಸು" ಅಂದಿರಿ. ಬೈಯಲಿಲ್ಲ, ದನಿ ಕೂಡ ಏರಿಸಲಿಲ್ಲ.

ನಿಮ್ಮ ಕೈಯೆಲ್ಲ ಸುಣ್ಣ. ಅದಕ್ಕೇ ಇರಬೇಕು, ಎಲ್ಲವನ್ನೂ ನನ್ನ ಕೈಯಲ್ಲೇ ಮಾಡಿಸಿದಿರಿ. ಮೂಗಿನ ಮೂಳೆಯ ಕೆಳಗೆ ಮೆತ್ತಗಿರುವ ಜಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದೆ. 10 ನಿಮಿಷ ಬಿಡಬಾರದು ಅಂದಿರಿ. ನಿಂತಿತಾ ಅಂತ ನಡುವೆ ನೋಡಲು ಹೋದಾಗ ಸುಮ್ನೆ ಬೇಡ ಅಂತ ತಲೆ ಅಲ್ಲಾಡಿಸಿದಿರಿ. ಹುಡುಗನ ಎದುರು ಕುಕ್ಕರಗಾಲಲ್ಲಿ ಕೂತು, "ಬಾಯಲ್ಲಿ ಉಸಿರಾಡು ಮರಿ" ಅಂತ ನೀವೂ ಬಾಯಿ ತೆರೆದು ಉಸಿರಾಡಿ ತೋರಿಸಿದಿರಿ. ಅವನ ಅಳು ನಿಂತಿತು. ನನಗೆ ಗೊತ್ತಿಲ್ಲದೆ ನಾನೂ ಹಾಗೇ ಉಸಿರಾಡುತ್ತಿದ್ದೆ, ಕೈ ನಡುಕ ಕಡಿಮೆಯಾಗಿತ್ತು.

ರಕ್ತ ನಿಂತಾಗ ಎದೆ ಹಗುರಾಯಿತು. ಥ್ಯಾಂಕ್ಸ್ ಹೇಳೋಣ ಅಂತ ತಿರುಗಿದರೆ ನೀವು ದೂರದಲ್ಲಿ ಮತ್ತೆ ಗೆರೆ ಎಳೆಯುತ್ತಿದ್ದಿರಿ.

ನಿನ್ನೆ ಅಭ್ಯಾಸದಲ್ಲಿ ಒಬ್ಬಳು ಬಿದ್ದು ಮಂಡಿ ತರಚಿಕೊಂಡಳು. ಓಡಿಹೋಗಿ, ಮೊದಲು ಅವಳ ಎದುರು ಕುಕ್ಕರಗಾಲಲ್ಲಿ ಕೂತೆ. ಅದು ನಿಮ್ಮಿಂದ ಕಲಿತದ್ದು ಅಣ್ಣ. ತುಂಬಾ ಥ್ಯಾಂಕ್ಸ್.